ಅಡುಗೆಮನೆ ಯಾವ ಕಡೆ ಇತ್ತು? ಕಡಿಮೆ ಬಜೆಟ್ಟಿನ ಸ್ಲ್ಯಾಷರ್ ಸಿನಿಮಾಗಳ ಬಗ್ಗೆ ಒಬ್ಬ ಅಭಿಮಾನಿಯ ಮಾತು

ಒಂದು ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನೀವು ಕೊನೆಯ ಸಲ ನೋಡಿದ ಸ್ಲ್ಯಾಷರ್ ಸಿನಿಮಾ, ಅಂದರೆ ಕೊಲೆಗಾರನೊಬ್ಬ ಚಾಕುವೋ ಇನ್ನೇನೋ ಹಿಡಿದು ಒಬ್ಬೊಬ್ಬರನ್ನೇ ಕೊಲ್ಲುತ್ತಾ ಹೋಗುವ ಹಾರರ್ ಸಿನಿಮಾ, ನೆನಪು ಮಾಡಿಕೊಳ್ಳಿ. ಅದರಲ್ಲಿ ಒಂದು ಮನೆ ಇದ್ದೇ ಇರುತ್ತದೆ. ಆ ಮನೆಯಲ್ಲಿ ಅಡುಗೆಮನೆ ಯಾವ ಕಡೆ ಇತ್ತು? ಮೆಟ್ಟಿಲು ಹತ್ತಿದ ಕೂಡಲೇ ಸಿಗುವುದು ಯಾರ ರೂಮು? ಹಿಂಬಾಗಿಲಿಗೆ ಚಿಲಕ ಹಾಕಿದ್ದರಾ? ಗೊತ್ತಿರುವವರು ಕೈ ಎತ್ತಿ.

ನಾಲ್ಕೈದು ಕೈ ಕಾಣುತ್ತಿವೆ. ಕೈ ಎತ್ತಿದವರನ್ನು ಆ ಸಿನಿಮಾ ಚೆನ್ನಾಗಿ ಹೆದರಿಸಿದೆ ಅಂತ ನನ್ನ ಅಂದಾಜು. ಎತ್ತದವರು ಬಹುಶಃ ಅರ್ಧದಲ್ಲೇ ಮೊಬೈಲ್ ಕೈಗೆ ತೆಗೆದುಕೊಂಡಿರುತ್ತೀರಿ. ನಾನು ಹೇಳೋಕೆ ಬಂದಿರುವುದು ಇಷ್ಟೇ. ಸ್ಲ್ಯಾಷರ್ ಸಿನಿಮಾದಲ್ಲಿ ಭಯ ಹುಟ್ಟುವುದು ನೋಡುವವನಿಗೆ ಜಾಗ ಗೊತ್ತಿದ್ದಾಗ. ಜಾಗ ತೋರಿಸೋದಕ್ಕೆ ದುಡ್ಡು ಬೇಡ, ತಾಳ್ಮೆ ಬೇಕು. ಅದಕ್ಕೇ ಕೈಯಲ್ಲಿ ಕಾಸಿಲ್ಲದವರು ಮಾಡಿದ ಸಿನಿಮಾಗಳು ಇವತ್ತಿಗೂ ನಡುಗಿಸುತ್ತವೆ. ಅದಕ್ಕೇ ಅಂಥ ಒಂದು ಸಿನಿಮಾ ಸೋತಾಗ ನನಗೆ ಅಯ್ಯೋ ಪಾಪ ಅನಿಸುವುದಿಲ್ಲ, ಕೋಪ ಬರುತ್ತದೆ.

ನನಗೊಂದು ಚಟ ಇದೆ, ಮೊದಲೇ ಹೇಳಿಬಿಡುತ್ತೇನೆ. ಸ್ಲ್ಯಾಷರ್ ನೋಡುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ಆ ಮನೆಯ ನಕ್ಷೆ ಬರೆಯುತ್ತೇನೆ. ಹುಚ್ಚು ಅನ್ನಿ ಬೇಕಾದರೆ. ಒಂದು ಸಿನಿಮಾದಲ್ಲಿ ಹೀಗೆ ಬರೆಯುತ್ತಾ ಹೋದರೆ ಆ ಮನೆಗೆ ಮೂರು ಬಚ್ಚಲುಮನೆ ಆದವು. ಇದ್ದದ್ದು ಒಂದೇ. ಅವರು ಪ್ರತಿ ಸಲ ಬೇರೆ ದಿಕ್ಕಿನಿಂದ ಕ್ಯಾಮೆರಾ ಇಟ್ಟಿದ್ದರು, ಒಂದು ಸಲ ಬಾಗಿಲು ಒಳಗೆ ತೆರೆಯುತ್ತಿತ್ತು, ಇನ್ನೊಂದು ಸಲ ಹೊರಗೆ. ಅಂಥ ಮನೆಯಲ್ಲಿ ಕೊಲೆಗಾರ ಎಲ್ಲಿಂದ ಬಂದರೂ ಒಂದೇ. ಎಲ್ಲಿಂದ ಬಂದರೂ ಒಂದೇ ಆದರೆ ಹೆದರುವುದು ಯಾಕೆ?

ಸರಿಯಾಗಿ ಮಾಡಿದವರನ್ನು ನೋಡೋಣ. 1978ರ ಹ್ಯಾಲೋವೀನ್. ಜಾನ್ ಕಾರ್ಪೆಂಟರ್ ನಿರ್ದೇಶನ, ಡೆಬ್ರಾ ಹಿಲ್ ಜೊತೆ ಸೇರಿ ಬರೆದದ್ದು. ಬಜೆಟ್ ಮೂರು ಲಕ್ಷ ಡಾಲರ್ ಚಿಲ್ಲರೆ, ಶೂಟಿಂಗ್ ಸುಮಾರು ಮೂರು ವಾರ. ಅದರ ಕೊಲೆಗಾರನ ಮುಖವಾಡದ ಕಥೆ ನಿಮಗೆ ಗೊತ್ತಿರಬಹುದು. ಸ್ಟಾರ್ ಟ್ರೆಕ್‌ನ ಕ್ಯಾಪ್ಟನ್ ಕರ್ಕ್‌ನ ಮಾಸ್ಕ್ ಅದು, ಎರಡು ಡಾಲರ್‌ಗೂ ಕಡಿಮೆ ಬೆಲೆಯದು. ಸಿನಿಮಾದ ಕಲಾ ನಿರ್ದೇಶಕ ಟಾಮಿ ಲೀ ವಾಲೇಸ್ ಅದರ ಕಣ್ಣಿನ ತೂತು ದೊಡ್ಡದು ಮಾಡಿ, ಬಿಳಿ ಬಣ್ಣ ಹೊಡೆದು, ಕೂದಲು ಕೆದರಿದರು. ಮುಗೀತು. ಭಾವನೆಯೇ ಇಲ್ಲದ ಮುಖ ಬೇಕಿತ್ತು, ಎರಡು ಡಾಲರ್‌ಗೆ ಸಿಕ್ಕಿತು. ಕಥೆ ನಡೆಯುವುದು ಅಕ್ಟೋಬರ್ ಕೊನೆಯಲ್ಲಿ, ಶೂಟಿಂಗ್ ಮಾಡಿದ್ದು ಕ್ಯಾಲಿಫೋರ್ನಿಯಾದ ವಸಂತದಲ್ಲಿ. ಉದುರಿದ ಎಲೆ ಎಲ್ಲಿಂದ ಬರಬೇಕು? ಬಣ್ಣ ಬಳಿದ ಎಲೆಗಳನ್ನು ರಸ್ತೆಗೆ ಚೆಲ್ಲುವುದು, ಶಾಟ್ ಆದಮೇಲೆ ಗುಡಿಸಿ ಚೀಲಕ್ಕೆ ತುಂಬುವುದು, ಮುಂದಿನ ಶಾಟ್‌ಗೆ ಮತ್ತೆ ಚೆಲ್ಲುವುದು. ತಲೆ ಎತ್ತಿ ನೋಡಿದರೆ ಮರಗಳೆಲ್ಲ ಹಸಿರು ಹಸಿರಾಗಿ ನಿಂತಿವೆ. ಯಾರೂ ತಲೆ ಎತ್ತುವುದಿಲ್ಲ ಬಿಡಿ.

ಇಷ್ಟು ಬಡತನದಲ್ಲೂ ಕಾರ್ಪೆಂಟರ್ ಒಂದು ವಿಷಯದಲ್ಲಿ ಜಿಪುಣತನ ಮಾಡಲಿಲ್ಲ. ಅಗಲವಾದ ಪ್ಯಾನಾವಿಷನ್ ಫ್ರೇಮ್ ಬಿಟ್ಟುಕೊಡಲಿಲ್ಲ. ಚಿಕ್ಕ ಸಿನಿಮಾಕ್ಕೆ ಅಷ್ಟು ಅಗಲ ಯಾಕೆ ಅಂತ ಕೇಳಬಹುದು. ಆ ಅಗಲದಲ್ಲೇ ಇರುವುದು ಗುಟ್ಟು. ಹುಡುಗಿ ಒಂದು ಮೂಲೆಯಲ್ಲಿ ನಿಂತಿರುತ್ತಾಳೆ, ಉಳಿದ ಮುಕ್ಕಾಲು ಪರದೆ ಖಾಲಿ. ನಮ್ಮ ಕಣ್ಣು ಅವಳ ಮೇಲೆ ನಿಲ್ಲುವುದೇ ಇಲ್ಲ, ಆ ಖಾಲಿ ಜಾಗದಲ್ಲಿ ತಡಕಾಡುತ್ತಾ ಇರುತ್ತದೆ, ಅಲ್ಲಿ ಏನೂ ಇರದಿದ್ದರೂ ಏನೋ ಇದೆ ಅಂತ ನಾವೇ ಅಂದುಕೊಳ್ಳುತ್ತೇವೆ, ಪುಗಸಟ್ಟೆ ಕೂಲಿ ನಮ್ಮದು. ಒಂದು ಶಾಟ್ ಇದೆ. ಕಥೆಯ ನಾಯಕಿ, ಮಕ್ಕಳನ್ನು ನೋಡಿಕೊಳ್ಳಲು ಬಂದ ಲಾರಿ ಅನ್ನುವ ಹುಡುಗಿ, ಗೋಡೆಗೆ ಒರಗಿ ಅಳುತ್ತಾ ನಿಂತಿದ್ದಾಳೆ, ಪಕ್ಕದಲ್ಲಿ ಕತ್ತಲೆಯ ಬಾಗಿಲು. ಆ ಕತ್ತಲೆಯಿಂದ ಬಿಳಿ ಮುಖ ನಿಧಾನಕ್ಕೆ ಮೂಡುತ್ತದೆ. ಛಾಯಾಗ್ರಾಹಕ ಡೀನ್ ಕಂಡೀ ಅಲ್ಲಿ ಮಾಡಿದ್ದು ಒಂದು ಸಣ್ಣ ದೀಪವನ್ನು ಡಿಮ್ಮರ್‌ನಿಂದ ಮೆಲ್ಲಗೆ ಏರಿಸಿದ್ದು, ಅಷ್ಟೇ. ನಟ ಮೊದಲಿನಿಂದಲೂ ಅಲ್ಲೇ ನಿಂತಿದ್ದ. ಸಂಗೀತ ಧಡ್ ಅಂತ ಹೊಡೆದು ಬೆಚ್ಚಿಬೀಳಿಸುವ ಸಿನಿಮಾಗಳೆಲ್ಲ ಈ ಒಂದು ಶಾಟ್ ಮುಂದೆ ನಿಲ್ಲುವುದಿಲ್ಲ ಅಂತ ನಾನು ಎಲ್ಲಿ ಬೇಕಾದರೂ ವಾದ ಮಾಡುತ್ತೇನೆ.

ಸಂಗೀತದ ಮಾತು ಬಂತಲ್ಲ, ಒಂದು ನಿಮಿಷ ದಾರಿ ತಪ್ಪುತ್ತೇನೆ. ಸಂಗೀತ ಹಾಕುವ ಮುಂಚೆ ಈ ಸಿನಿಮಾವನ್ನು ಒಬ್ಬ ಸ್ಟುಡಿಯೋ ಅಧಿಕಾರಿಗೆ ತೋರಿಸಿದಾಗ ಅವರಿಗೆ ಭಯವೇ ಆಗಲಿಲ್ಲವಂತೆ. ಇದನ್ನು ಕಾರ್ಪೆಂಟರ್ ಅವರೇ ಹೇಳಿಕೊಂಡಿದ್ದಾರೆ. ಆಮೇಲೆ ಅವರೇ ಕೂತು ಮೂರು ದಿನದಲ್ಲಿ ಸಂಗೀತ ಮಾಡಿದರು. ಐದು ಎಣಿಕೆಯ ತಾಳ. ಚಿಕ್ಕವರಿದ್ದಾಗ ಅಪ್ಪ ಬೊಂಗೊ ಮೇಲೆ ಹೇಳಿಕೊಟ್ಟಿದ್ದ ತಾಳ ಅದು. ನಾಲ್ಕು ಎಣಿಸಿ ಕಾಲು ಊರಬೇಕು ಅನ್ನುವಾಗ ಇನ್ನೊಂದು ಪೆಟ್ಟು ಬೀಳುತ್ತದೆ. ಅದು ಕೇಳುವಾಗ ಮೆಟ್ಟಿಲಿಳಿಯುತ್ತಾ ಕೊನೆಯ ಮೆಟ್ಟಿಲು ಆಯಿತು ಅಂದುಕೊಂಡು ಕಾಲಿಟ್ಟರೆ ಕೆಳಗೆ ಇನ್ನೂ ಒಂದು ಇದ್ದ ಹಾಗೆ ಆಗುತ್ತದೆ, ಅಲ್ವಾ?

ಈಗ ಜಾಗಕ್ಕೆ ಬರೋಣ. ಕೊನೆಯ ಅರ್ಧ ಗಂಟೆ ಪೂರ್ತಿ ನಡೆಯುವುದು ರಸ್ತೆಯ ಆಚೆ ಈಚೆ ಎದುರುಬದುರು ಇರುವ ಎರಡು ಮನೆಗಳಲ್ಲಿ. ನಡುವೆ ಒಂದು ರಸ್ತೆ. ಅದನ್ನು ಎಷ್ಟು ಸಲ ತೋರಿಸುತ್ತಾರೆ ಅಂದರೆ, ಎಷ್ಟು ಹೆಜ್ಜೆ ಆಗಬಹುದು ಅಂತ ನಮಗೆ ಬಾಯಿಪಾಠ ಆಗಿರುತ್ತದೆ. ಮೊದಲು ಆ ರಸ್ತೆ ದಾಟುವುದು ಸಾಮಾನ್ಯ ವಿಷಯ, ಮಗುವಿನ ಕೈ ಹಿಡಿದುಕೊಂಡು ದಾಟುತ್ತಾರೆ. ಕೊನೆಗೆ ಅದೇ ರಸ್ತೆಯನ್ನು ಲಾರಿ ಏಟು ತಿಂದ ಕಾಲಿನಲ್ಲಿ ಕುಂಟುತ್ತಾ ದಾಟಬೇಕು, ಬಾಗಿಲಿಗೆ ಬಂದರೆ ಕೀ ಇಲ್ಲ, ಒಳಗೆ ಮಕ್ಕಳು ಮಲಗಿದ್ದಾರೆ, ಹಿಂದೆ ಅವನು ಬರುತ್ತಿದ್ದಾನೆ, ಓಡುತ್ತಿಲ್ಲ, ನಡೆದುಕೊಂಡೇ ಬರುತ್ತಿದ್ದಾನೆ. ಆ ದೂರ ನಮಗೆ ಗೊತ್ತಿಲ್ಲದಿದ್ದರೆ ಈ ದೃಶ್ಯಕ್ಕೆ ಕವಡೆ ಕಿಮ್ಮತ್ತಿಲ್ಲ. ಇದಕ್ಕೆ ಎಷ್ಟು ಖರ್ಚಾಯಿತು? ಒಂದು ರಸ್ತೆ ಬದಿಯ ಎರಡು ಮನೆ. ಸಿನಿಮಾ ಅಮೆರಿಕದಲ್ಲೇ ಸುಮಾರು 4.7 ಕೋಟಿ ಡಾಲರ್ ದುಡಿಯಿತು. ಆಮೇಲೆ ಎಲ್ಲರೂ ನಕಲು ಮಾಡಲು ಹೊರಟರು. ಚಾಕು, ಮುಖವಾಡ, ಹಬ್ಬದ ದಿನ ಎಲ್ಲ ನಕಲಾಯಿತು. ರಸ್ತೆಯನ್ನು ಮಾತ್ರ ಮರೆತರು.

ಹ್ಯಾಲೋವೀನ್‌ಗಿಂತ ನಾಲ್ಕು ವರ್ಷ ಮುಂಚೆ, 1974ರಲ್ಲಿ, ಕೆನಡಾದಲ್ಲಿ ಬ್ಲ್ಯಾಕ್ ಕ್ರಿಸ್ಮಸ್ ಬಂದಿತ್ತು. ನಿರ್ದೇಶಕ ಬಾಬ್ ಕ್ಲಾರ್ಕ್. ಇದರಲ್ಲಿ ಮೊದಲ ಕೆಲವೇ ನಿಮಿಷಗಳಲ್ಲಿ ಯಾರೋ ಒಬ್ಬ ಮನೆಯ ಹೊರಗೋಡೆ ಹತ್ತಿ ಅಟ್ಟಕ್ಕೆ ಇಳಿಯುವುದನ್ನು ನಮಗೆ ಅವನ ಕಣ್ಣಿನಿಂದಲೇ ತೋರಿಸಿಬಿಡುತ್ತಾರೆ. ಕ್ಯಾಮೆರಾಮನ್ ಬರ್ಟ್ ಡಂಕ್ ಕ್ಯಾಮೆರಾವನ್ನು ಮೈಗೆ ಕಟ್ಟಿಕೊಂಡು ತಾವೇ ಹತ್ತಿದ್ದರು. ಅಲ್ಲಿಂದ ಮುಂದೆ ಕೆಳಗೆ ಹುಡುಗಿಯರು ನಗಲಿ, ಕುಡಿಯಲಿ, ಫೋನ್ ಎತ್ತಲಿ, ನಮ್ಮ ತಲೆಯಲ್ಲಿ ಅಟ್ಟ ಕೂತಿರುತ್ತದೆ. ಪೊಲೀಸರು ಇಡೀ ಊರು ಹುಡುಕುತ್ತಾರೆ. ಮೇಲೆ ನೋಡ್ರಪ್ಪಾ ಅಂತ ನಾವು ಕೂಗಿಕೊಳ್ಳಬೇಕು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರಲ್ಲ, ಆ ಗಾದೆಯನ್ನೇ ಯಾರೋ ತಿರುಗಿಸಿ ಹಾರರ್ ಮಾಡಿದ ಹಾಗಿದೆ.

ಜಾಗದ ಇನ್ನೊಂದು ಆಟ 1980ರ ಫ್ರೈಡೇ ದಿ ಥರ್ಟೀನ್ತ್‌ನಲ್ಲಿದೆ. ನಿಜ ಹೇಳಬೇಕೆಂದರೆ ನನಗೆ ಆ ಸಿನಿಮಾ ಅಷ್ಟೇನೂ ಇಷ್ಟವಿಲ್ಲ. ನಿರ್ದೇಶಕ ಶಾನ್ ಕನ್ನಿಂಗ್‌ಹ್ಯಾಮ್ ಕೈಯಲ್ಲಿ ಸಿನಿಮಾ ಇರುವ ಮುಂಚೆಯೇ ವೆರೈಟಿ ಪತ್ರಿಕೆಯಲ್ಲಿ ಬರೀ ಹೆಸರು ಹಾಕಿ ಜಾಹೀರಾತು ಕೊಟ್ಟಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ. ನಡುವೆ ಉದ್ದುದ್ದ ಹೊತ್ತು ಏನೂ ಆಗುವುದಿಲ್ಲ. ಆದರೆ ಒಂದು ದೃಶ್ಯಕ್ಕೆ ನಾನು ಕೈ ಮುಗಿಯುತ್ತೇನೆ. ನೋಡಿರದವರು ಕಿವಿ ಮುಚ್ಚಿಕೊಳ್ಳಿ. ಮೇಲೊಂದು ಕೆಳಗೊಂದು ಇರುವ ಅಟ್ಟಣಿಗೆ ಮಂಚ. ಕೆಳಗಿನದರಲ್ಲಿ ಇಬ್ಬರು. ಮೇಲಿನದರಲ್ಲಿ ಅವರ ಗೆಳೆಯನ ಹೆಣ. ಅದನ್ನು ಕ್ಯಾಮೆರಾ ನಮಗೆ ಮಾತ್ರ ತೋರಿಸುತ್ತದೆ. ಹಾಗಾಗಿ ನಮ್ಮ ಜೀವವೆಲ್ಲ ಮೇಲೆ ಇರುತ್ತದೆ. ಹುಡುಗ ಒಬ್ಬನೇ ಮಲಗಿದ್ದಾಗ ಹಣೆಯ ಮೇಲೆ ಒಂದು ಹನಿ ರಕ್ತ ಬೀಳುತ್ತದೆ, ಅವನೂ ಮೇಲೆ ನೋಡುತ್ತಾನೆ, ನಾವೂ ಮೇಲೆ ನೋಡುತ್ತೇವೆ. ಬಾಣ ಬರುವುದು ಮಂಚದ ಕೆಳಗಿನಿಂದ, ಕುತ್ತಿಗೆ ಸೀಳಿಕೊಂಡು!

ಆ ಹುಡುಗ ಕೆವಿನ್ ಬೇಕನ್, ಆಗ ಹೆಚ್ಚು ಜನಕ್ಕೆ ಗೊತ್ತಿರದ ಮುಖ. ಮೇಕಪ್ ಟಾಮ್ ಸವಿನಿ. ನಟನ ತಲೆ ಮಾತ್ರ ನಿಜ, ಅದು ಹಾಸಿಗೆಯ ತೂತಿನಿಂದ ಹೊರಗೆ ಬಂದಿದೆ, ಕುತ್ತಿಗೆ, ಎದೆ ಎಲ್ಲ ನಕಲಿ. ಶಾಟ್ ನಡೆಯುವಾಗ ರಕ್ತದ ಪಂಪಿನ ಕೊಳವೆ ಕಳಚಿಕೊಂಡಿತು. ಕೆಳಗಿದ್ದ ಸಹಾಯಕ ಕೊಳವೆಗೆ ಬಾಯಿ ಇಟ್ಟು ಊದಿಬಿಟ್ಟ. ಅದಕ್ಕೇ ಆ ರಕ್ತ ಬುಳಬುಳ ಅಂತ ಉಕ್ಕುತ್ತದೆ. ಪಂಪ್ ಸರಿಯಾಗಿದ್ದಿದ್ದರೆ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ರಕ್ತ ಅಂದರೆ ಬಹಳ ಜನ ಕೇಳುತ್ತಾರೆ, ಏನು ಹಾಕುತ್ತಾರೆ ಅಂತ. ಮೆಕ್ಕೆಜೋಳದ ಸಿರಪ್ಪು, ಕೆಂಪು ಬಣ್ಣ, ಜೊತೆಗೆ ಒಂಚೂರು ಹಳದಿ ಬಣ್ಣ. ಆ ಹಳದಿ ಇಲ್ಲದಿದ್ದರೆ ಸುಮ್ನೆ ಗುಲಾಬಿ ಶರಬತ್ತು. ಕಪ್ಪುಬಿಳುಪಿನ ಕಾಲದಲ್ಲಿ ಇನ್ನೂ ಸಲೀಸು. 1960ರ ಸೈಕೋದ ಶವರ್ ದೃಶ್ಯದಲ್ಲಿ ಹರಿಯುವುದು ಚಾಕೊಲೇಟ್ ಸಿರಪ್ಪು. ಆ ಸಿನಿಮಾವನ್ನೂ ಹಿಚ್‌ಕಾಕ್ ತಮ್ಮ ಟೀವಿ ಧಾರಾವಾಹಿಯ ತಂಡ ಇಟ್ಟುಕೊಂಡು ಕಡಿಮೆ ಖರ್ಚಿನಲ್ಲೇ ಮುಗಿಸಿದ್ದರು. ಇಟಲಿಯ ಮಾರಿಯೊ ಬಾವಾ ಅವರಂತೂ 1971ರಲ್ಲಿ ಎ ಬೇ ಆಫ್ ಬ್ಲಡ್ ಮಾಡುವಾಗ ಕ್ಯಾಮೆರಾ ಚಲಿಸಬೇಕಾದಲ್ಲಿ ಮಕ್ಕಳು ಎಳೆದಾಡುವ ಆಟದ ಗಾಡಿ ಬಳಸಿದರು. ಕಾಡು ಸಾಲದು ಅನಿಸಿದಾಗ ಲೆನ್ಸ್ ಮುಂದೆ ಒಂದೆರಡು ಕೊಂಬೆ ಅಲ್ಲಾಡಿಸಿದರು.

ಇಲ್ಲಿಯವರೆಗೆ ಬಡತನವನ್ನು ಹೊಗಳಿದ್ದಾಯಿತು. ಅದರ ಇನ್ನೊಂದು ಮುಖವನ್ನೂ ಹೇಳಬೇಕು. 1974ರ ಟೆಕ್ಸಸ್ ಚೈನ್ ಸಾ ಮ್ಯಾಸಕರ್. ಟೋಬಿ ಹೂಪರ್ ನಿರ್ದೇಶನ, ಹದಿನಾರು ಎಂಎಂ ಫಿಲ್ಮು, ಟೆಕ್ಸಸ್‌ನ ಸುಡುಬೇಸಿಗೆ. ಹೆಸರು ಕೇಳಿದರೆ ರಕ್ತದ ಹೊಳೆ ಹರಿಯುತ್ತದೆ ಅನಿಸುತ್ತದೆ, ನೋಡಿದರೆ ರಕ್ತ ಬಹಳ ಕಡಿಮೆ. ಮಕ್ಕಳೂ ನೋಡಬಹುದಾದ ಸರ್ಟಿಫಿಕೇಟ್ ಸಿಗಬಹುದು ಅಂತ ಹೂಪರ್ ಆಸೆ ಇಟ್ಟುಕೊಂಡಿದ್ದರಂತೆ, ಪಾಪ. ಅದರ ಊಟದ ದೃಶ್ಯವನ್ನು ಒಂದೇ ಸಮನೆ ಇಪ್ಪತ್ತನಾಲ್ಕು ಗಂಟೆಗೂ ಮೀರಿ ಶೂಟ್ ಮಾಡಿದರು. ಕಿಟಕಿ ಮುಚ್ಚಿದ ಕೋಣೆ, ಬಿಸಿ ದೀಪಗಳು, ಮೇಜಿನ ಮೇಲೆ ಕೊಳೆಯುತ್ತಿರುವ ಮಾಂಸ, ಸುತ್ತ ನಿಜವಾದ ಮೂಳೆಗಳು. ಕೊಲೆಗಾರ ಲೆದರ್‌ಫೇಸ್ ಆಗಿ ನಟಿಸಿದ್ದ ಗನ್ನರ್ ಹ್ಯಾನ್ಸನ್‌ಗೆ ಇದ್ದದ್ದು ಒಂದೇ ಜೊತೆ ಬಟ್ಟೆ. ಒಗೆದರೆ ಬಣ್ಣ ಹೋಗುತ್ತದೆ ಅಂತ ವಾರಗಟ್ಟಲೆ ಒಗೆಯಲೇ ಇಲ್ಲ. ಬೆರಳು ಕೊಯ್ಯುವ ಶಾಟ್‌ನಲ್ಲಿ ನಕಲಿ ರಕ್ತದ ಕೊಳವೆ ಪದೇ ಪದೇ ಕೈಕೊಟ್ಟಿತು. ಕೊನೆಗೆ ನಟಿ ಮೆರಿಲಿನ್ ಬರ್ನ್ಸ್ ಬೆರಳನ್ನು ಹ್ಯಾನ್ಸನ್ ನಿಜವಾಗಿಯೇ ಕೊಯ್ದುಬಿಟ್ಟರು.

ಅಭಿಮಾನಿಗಳು ಇದನ್ನೆಲ್ಲ ಮೀಸೆ ತಿರುವಿಕೊಂಡು ಹೇಳುತ್ತಾರೆ. ನಾನೂ ಒಂದು ಕಾಲದಲ್ಲಿ ಹೇಳುತ್ತಿದ್ದೆ. ಈಗ ಹೇಳುವಾಗ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಆಗುತ್ತದೆ. ಆ ಊಟದ ದೃಶ್ಯದಲ್ಲಿ ಬರ್ನ್ಸ್ ಕಣ್ಣು ಕಾಣುತ್ತದಲ್ಲ, ಅಷ್ಟು ಹತ್ತಿರದಿಂದ, ಅದರಲ್ಲಿ ಎಷ್ಟು ನಟನೆ ಎಷ್ಟು ಸುಸ್ತು ಅಂತ ಯಾರು ಹೇಳುತ್ತೀರಿ? ಸಿನಿಮಾ ಅದ್ಭುತ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಎಲೆ ಗುಡಿಸಿ ಚೀಲಕ್ಕೆ ತುಂಬಿದ್ದು ಒಂದು ಥರದ ಉಳಿತಾಯ, ಮನುಷ್ಯರ ಮೈಯಲ್ಲಿ ಉಳಿತಾಯ ಮಾಡಿದ್ದು ಇನ್ನೊಂದು ಥರ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ಜಾಣತನ ಅಂತ ಕರೆಯೋಕೆ ನನ್ನ ಕೈಲಾಗಲ್ಲ.

ಇನ್ನು ಈಗಿನವರ ಮೇಲೆ ನನ್ನ ದೂರುಗಳು. ಮೊದಲನೆಯದು ಕತ್ತಲೆ. ಕ್ಯಾಮೆರಾ ಅಗ್ಗವಾಗಿದೆ, ಕಡಿಮೆ ಬೆಳಕಲ್ಲೂ ಶೂಟ್ ಆಗುತ್ತದೆ, ಸರಿ. ಅದಕ್ಕೆ ಅಂತ ದೀಪವನ್ನೇ ಹಾಕದೆ ಶೂಟ್ ಮಾಡಿದರೆ? ಏನೂ ಕಾಣದ ಕತ್ತಲೆಯಲ್ಲಿ ಭಯ ಇಲ್ಲ, ಕಣ್ಣುನೋವು ಇದೆ. ಭಯದ ಕತ್ತಲೆಗೆ ಅಂಚು ಬೇಕು, ಇಲ್ಲಿಯವರೆಗೆ ಬೆಳಕು, ಇಲ್ಲಿಂದಾಚೆ ಗೊತ್ತಿಲ್ಲ ಅನ್ನುವ ಒಂದು ಗೆರೆ ಬೇಕು. ಆಮೇಲೆ ಕಾರು ಓಡಿಸುವ ದೃಶ್ಯಗಳು. ಎಪ್ಪತ್ತು ನಿಮಿಷಕ್ಕೆ ಮುಗಿಯುವ ಕಥೆಯನ್ನು ತೊಂಬತ್ತಕ್ಕೆ ಎಳೆಯೋದಕ್ಕೆ ಕಾರು ಹತ್ತುವುದು, ಕಾರು ಹೋಗುವುದು, ಕಾರು ಇಳಿಯುವುದು. ಅಷ್ಟು ಹೊತ್ತಿನಲ್ಲಿ ಆ ಮನೆಯೊಳಗೆ ಒಂದು ಸುತ್ತು ಹಾಕಿಸಿದ್ದರೆ ಸಾಕಿತ್ತು. ಇನ್ನು ಬೇಕಂತಲೇ ಕೆಟ್ಟದಾಗಿ ಮಾಡಿ, ಇದು ತಮಾಷೆಗೆ ಅಂತ ಕಣ್ಣು ಹೊಡೆಯುವವರು. ಅವರ ಬಗ್ಗೆ ಮಾತೇ ಬೇಡ.

ಟೆರಿಫೈಯರ್ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಮುಂದಿನ ಸಾಲಲ್ಲಿ ಒಬ್ಬರು ಅದರ ಕೊಲೆಗಾರ ಕೋಡಂಗಿ ಆರ್ಟ್ ದಿ ಕ್ಲೌನ್ ಚಿತ್ರದ ಟೀ ಶರ್ಟ್ ಹಾಕಿಕೊಂಡೇ ಬಂದಿದ್ದಾರೆ. ನಿರ್ದೇಶಕ ಡೇಮಿಯನ್ ಲಿಯೋನ್ ಮೇಲೆ ನನಗೆ ಗೌರವ ಇದೆ. ಮೊದಲನೆಯದಕ್ಕೆ ಒಂದು ಲಕ್ಷ ಡಾಲರ್ ಕೂಡ ಇರಲಿಲ್ಲ. 2022ರ ಎರಡನೆಯದಕ್ಕೆ ಎರಡೂವರೆ ಲಕ್ಷ, ಅದರಲ್ಲೂ ಬಹುಪಾಲು ಅಭಿಮಾನಿಗಳಿಂದ ಎತ್ತಿದ ಚಂದಾ. ಅದು ಒಂದು ಕೋಟಿ ಡಾಲರ್‌ಗೂ ಮೀರಿ ದುಡಿಯಿತು. ಈ ಎರಡರಲ್ಲೂ ಹುಣ್ಣು, ಗಾಯ, ಕತ್ತರಿಸಿದ ಕೈಕಾಲು ಬಹುಪಾಲು ಅವರೇ ಕೂತು ಮಾಡಿದ್ದರು, ಕಂಪ್ಯೂಟರ್‌ನ ರಕ್ತ ಅಲ್ಲ, ಕೈಯಲ್ಲಿ ಮಾಡಿದ್ದು. ಡೇವಿಡ್ ಹೋವರ್ಡ್ ಥಾರ್ನ್‌ಟನ್ ಒಂದು ಮಾತೂ ಆಡದೆ ಆ ಕೋಡಂಗಿಯನ್ನು ಆಡಿಸುವುದು ನೋಡಿದರೆ ಮೂಕಿ ಸಿನಿಮಾ ನೆನಪಾಗುತ್ತದೆ. ಇಷ್ಟೆಲ್ಲ ಒಪ್ಪುತ್ತೇನೆ. ಆದರೂ ನನಗೆ ಅವು ಭಯ ಹುಟ್ಟಿಸುವುದಿಲ್ಲ. ಕೊಲೆ ಶುರುವಾದ ಮೇಲೆ ಭಯ ಮುಗಿಯಿತು, ಮಿಕ್ಕಿದ್ದು ಎಷ್ಟು ಹೊತ್ತು ನೋಡಬಲ್ಲೆ ಅನ್ನುವ ಪಂದ್ಯ. ಎರಡನೆಯದರಲ್ಲಿ ಒಂದು ಮಲಗುವ ಕೋಣೆಯ ದೃಶ್ಯ ಇದೆ, ಎಷ್ಟು ಉದ್ದ ಅಂದರೆ ನಾನು ಹೆದರುವುದು ಬಿಟ್ಟು ಆ ಗಾಯ ಯಾವುದರಿಂದ ಮಾಡಿರಬಹುದು ಅಂತ ಯೋಚಿಸತೊಡಗಿದ್ದೆ. ಸಿನಿಮಾ ಎರಡು ಗಂಟೆ ಹದಿನೆಂಟು ನಿಮಿಷ. ಸ್ಲ್ಯಾಷರ್‌ಗೆ ಅಷ್ಟು ಯಾಕಪ್ಪಾ?

ಟೀ ಶರ್ಟ್‌ನವರು ತಲೆ ಅಲ್ಲಾಡಿಸುತ್ತಿದ್ದಾರೆ. ಆಮೇಲೆ ಜಗಳ ಆಡೋಣ.

ಮಕ್ಕಳ ಪುಸ್ತಕದ ವಿನ್ನಿ ದಿ ಪೂ ಕರಡಿಯನ್ನು ಕೊಲೆಗಾರನನ್ನಾಗಿ ಮಾಡಿದ 2023ರ ಸಿನಿಮಾ ನೋಡಿದ್ದೀರಾ? 1926ರ ಪುಸ್ತಕದ ಹಕ್ಕು ಅಮೆರಿಕದಲ್ಲಿ 2022ರ ಜನವರಿ 1ಕ್ಕೆ ಮುಗಿಯಿತು, ಇವರು ತಕ್ಷಣ ಒಂದು ಲಕ್ಷ ಡಾಲರ್‌ಗೂ ಕಡಿಮೆ ಖರ್ಚಲ್ಲಿ ಸಿನಿಮಾ ಮಾಡಿದರು. ಪೋಸ್ಟರ್ ನೋಡಿದರೆ ಸಿನಿಮಾ ನೋಡಿದ ಹಾಗೇ. ನಾನು ನಕ್ಷೆ ಬರೆಯೋಕೆ ಕೂತಿದ್ದೆ, ಹಾಳೆ ಖಾಲಿ ಉಳಿಯಿತು.

ಹೆಣ್ಣುಮಕ್ಕಳ ವಿಷಯ ಎತ್ತದೆ ಸ್ಲ್ಯಾಷರ್ ಬಗ್ಗೆ ಮಾತು ಮುಗಿಸುವುದು ಸರಿಯಲ್ಲ. ಕೊನೆಯಲ್ಲಿ ಉಳಿಯುವ ಹುಡುಗಿಗೆ ಫೈನಲ್ ಗರ್ಲ್ ಅನ್ನುವ ಹೆಸರು ಕೊಟ್ಟವರು ವಿದ್ವಾಂಸೆ ಕ್ಯಾರಲ್ ಕ್ಲೋವರ್, 1987ರ ಒಂದು ಪ್ರಬಂಧದಲ್ಲಿ. ಗಂಡು ಪ್ರೇಕ್ಷಕರೂ ಕೊನೆಗೆ ನಿಲ್ಲುವುದು ಅವಳ ಕಡೆಯೇ ಅಂತ ಅವರು ತೋರಿಸಿದರು. ಒಪ್ಪುತ್ತೇನೆ. ಆದರೆ ನೂರಾರು ಅಗ್ಗದ ಸಿನಿಮಾಗಳಲ್ಲಿ ಹುಡುಗ ಸತ್ತರೆ ಎರಡು ಸೆಕೆಂಡು, ಹುಡುಗಿ ಸತ್ತರೆ ಎರಡು ನಿಮಿಷ. ಗಡಿಯಾರ ಇಟ್ಟುಕೊಂಡು ನೋಡಿ, ನಿಮಗೇ ಗೊತ್ತಾಗುತ್ತದೆ. 1982ರ ಸ್ಲಂಬರ್ ಪಾರ್ಟಿ ಮ್ಯಾಸಕರ್ ಮಾಡಿದವರು ಆಮಿ ಹೋಲ್ಡನ್ ಜೋನ್ಸ್, ಮೂಲ ಚಿತ್ರಕಥೆ ಕಾದಂಬರಿಗಾರ್ತಿ ರೀಟಾ ಮೇ ಬ್ರೌನ್ ಅವರದು, ಇಬ್ಬರೂ ಹೆಂಗಸರು. ಬ್ರೌನ್ ಬರೆದದ್ದು ಅಣಕವಾಗಿ, ತೆಗೆದದ್ದು ಮಾಮೂಲಿ ಸ್ಲ್ಯಾಷರ್ ಥರ, ಹಾಗಾಗಿ ಒಂದು ವಿಚಿತ್ರ ಹದ ಬಂದಿದೆ. ಪಿಜ್ಜಾ ತಂದ ಹುಡುಗ ಸತ್ತು ಬಿದ್ದಿದ್ದಾನೆ, ಗೆಳತಿಯರಲ್ಲಿ ಒಬ್ಬಳಿಗೆ ಹಸಿವು ತಡೆಯಲಾಗುತ್ತಿಲ್ಲ, ಪಿಜ್ಜಾ ತೆಗೆದು ತಿನ್ನುತ್ತಾಳೆ. ಗೆಳತಿಯರ ಮಾತು ಅದರಲ್ಲಿ ನಿಜವಾದ ಗೆಳತಿಯರ ಮಾತಿನ ಹಾಗಿದೆ. ಮಾತು ನಿಜ ಅನಿಸಿದ್ದಕ್ಕೇ ಅವರಿಗೇನಾದರೂ ಆದರೆ ಹೊಟ್ಟೆ ಚುರ್ ಅನ್ನುತ್ತದೆ. ಇದಕ್ಕೂ ದುಡ್ಡು ಬೇಡ, ನೋಡಿ.

ಕೊನೆಗೆ ಹಿಂದಿನಿಂದ ಒಬ್ಬರು ಕೇಳಿದರು, ಇದುವರೆಗೆ ಒಂದೂ ಸ್ಲ್ಯಾಷರ್ ನೋಡಿಲ್ಲ, ಯಾವುದರಿಂದ ಶುರು ಮಾಡಲಿ ಅಂತ. ಹ್ಯಾಲೋವೀನ್‌ನಿಂದಲೇ ಮಾಡಿ. ರಾತ್ರಿ, ಒಬ್ಬರೇ, ಮೊಬೈಲ್ ಬೇರೆ ರೂಮಲ್ಲಿಟ್ಟು. ರಕ್ತ ಕಂಡರೆ ಆಗದವರಿಗೂ ತೊಂದರೆ ಇಲ್ಲ, ಅದರಲ್ಲಿ ರಕ್ತ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಕಥೆ ಮುಗಿಯಿತು ಅಂತ ಏಳಬೇಡಿ, ಕೊನೆಯ ಒಂದು ನಿಮಿಷ ಕೂತಿರಿ. ಅಲ್ಲಿ ಮನುಷ್ಯರು ಯಾರೂ ಇಲ್ಲ. ಖಾಲಿ ಮೆಟ್ಟಿಲು, ಖಾಲಿ ಹಾಲ್, ರಸ್ತೆಯ ಎರಡೂ ಬದಿಯ ಮನೆಗಳು, ಒಂದಾದ ಮೇಲೊಂದು. ಅಲ್ಲಿಯವರೆಗೆ ನೀವು ಓಡಾಡಿದ ಜಾಗಗಳೇ ಅವು. ಹಿಂದೆ ಆ ಐದು ಎಣಿಕೆಯ ತಾಳ, ಅದರ ಜೊತೆ ಮಾಸ್ಕಿನ ಒಳಗಿನಿಂದ ಬರುವ ಉಸಿರಾಟ. ಅದು ಮುಗಿದ ಮೇಲೆ ನೀರು ಕುಡಿಯಲು ನಿಮ್ಮ ಅಡುಗೆಮನೆಗೆ ಹೋಗಿ. ಅದು ಯಾವ ಕಡೆ ಇದೆ ಅಂತ ನಿಮಗೆ ಗೊತ್ತಲ್ಲ.